ವಾರಾಂತ್ಯಕ್ಕೆ ಎರಡು ಊರು, ಎರಡು ನದಿ: ಕ್ಯಾರವಾನ್‌ನಲ್ಲಿ ಶಿವಮೊಗ್ಗ–ಭದ್ರಾವತಿ

ಶಿವಮೊಗ್ಗ ಜಿಲ್ಲೆ ಎಂದೊಡನೆ ನಗರವಾಸಿಗಳಿಗೆ ನೆನಪಾಗುವುದು ಜೋಗ ಮತ್ತು ಆಗುಂಬೆ. ಬೆಂಗಳೂರಿನಿಂದ ಹೊರಟ ವಾಹನಗಳು ಭದ್ರಾವತಿ ಹಾಗೂ ಶಿವಮೊಗ್ಗವನ್ನು ಕಾಫಿ–ತಿಂಡಿಗೆ ನಿಲ್ಲುವ ಊರುಗಳೆಂದು ಬಗೆದು ಮುಂದೆ ಸಾಗುತ್ತವೆ. ಈ ಊರುಗಳಲ್ಲೇ ಹುಟ್ಟಿ ಬೆಳೆದವರೂ ರಜೆ ಸಿಕ್ಕರೆ ಬೇರೆ ಜಿಲ್ಲೆಯ ಹಾದಿ ಹಿಡಿಯುವುದೇ ಹೆಚ್ಚು. ಆದರೆ ಒಂದೇ ಬೆಟ್ಟದಲ್ಲಿ ಹುಟ್ಟಿ ಬೇರೆ ಬೇರೆ ಹಾದಿ ಹಿಡಿದ ತುಂಗೆ ಮತ್ತು ಭದ್ರೆಯರ ದಡದಲ್ಲಿ ಬೆಳೆದ ಈ ಅವಳಿ ಊರುಗಳನ್ನು ಎರಡು ದಿನ ನಿಧಾನವಾಗಿ ಸುತ್ತಿದರೆ, ರಾಜ್ಯದ ಕೈಗಾರಿಕೆ ಮತ್ತು ನೀರಾವರಿ ಚರಿತ್ರೆಯ ಒಂದು ಮುಖ್ಯ ಭಾಗವೇ ಕಣ್ಣೆದುರು ಬರುತ್ತದೆ. ಮಲಗಲು ಮತ್ತು ಅಡುಗೆ ಮಾಡಲು ಅನುಕೂಲವಿರುವ ಕ್ಯಾರವಾನ್ ಅಥವಾ ಕ್ಯಾಂಪರ್‌ವ್ಯಾನ್ ಇಂಥ ಪ್ರವಾಸಕ್ಕೆ ತಕ್ಕ ವಾಹನ.

ಹೆಸರು ಹೊಸದಾದರೂ ಪದ್ಧತಿ ಹೊಸತಲ್ಲ. ಪಾತ್ರೆ–ಪಡಗ, ಅಕ್ಕಿ–ಬೇಳೆ ಕಟ್ಟಿಕೊಂಡು ಕಮಾನುಗಾಡಿಯಲ್ಲಿ ಜಾತ್ರೆಗೆ ಹೊರಟು, ಹೊಳೆ ದಂಡೆಯಲ್ಲಿ ಅಡುಗೆ ಮಾಡಿ, ಗಾಡಿಯಲ್ಲೇ ಮಲಗುತ್ತಿದ್ದ ಕುಟುಂಬಗಳು ಮಲೆನಾಡು ಮತ್ತು ಬಯಲುಸೀಮೆಗಳೆರಡರಲ್ಲೂ ಇದ್ದವು. ಇಂದು ಎತ್ತಿನ ಜಾಗಕ್ಕೆ ಎಂಜಿನ್ ಬಂದಿದೆ.

ವಾಹನ ಆಯ್ಕೆಗೆ ಮುನ್ನ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಕ್ಯಾರವಾನ್ ಪ್ರವಾಸಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿದೆ. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಇದಕ್ಕೆ ಸ್ಥಾನ ದೊರೆತಿದೆ. ಬೆಂಗಳೂರಿನಲ್ಲಿ ಇಂಥ ವಾಹನಗಳು ಬಾಡಿಗೆಗೆ ಲಭ್ಯ. ಬಾಡಿಗೆ ವಾಹನಕ್ಕೆ ಹಳದಿ ಫಲಕ, ಸ್ವಯಂ ಚಾಲನೆಗೆ ಪಡೆಯುವ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಪಡೆದರೆ ದಂಡದ ಜೊತೆಗೆ ವಿಮೆಯ ತೊಡಕೂ ಎದುರಾಗಬಹುದು.

ಸ್ವಂತ ಟೆಂಪೊ ಟ್ರಾವೆಲರ್ ಅಥವಾ ವ್ಯಾನನ್ನು ತಮಗೆ ತೋಚಿದಂತೆ ಮಾರ್ಪಡಿಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಗಮನಿಸಬೇಕು. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ತರುವ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಆಸನ ತೆಗೆದು ಮಂಚ, ಸಿಂಕ್ ಕೂರಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಏನನ್ನೂ ಬದಲಿಸದೆ ಹಿಂದಿನ ಆಸನ ಮಡಚಿ ಹಾಸಿಗೆ ಹಾಸುವ ಸರಳ ದಾರಿಯೂ ಉಂಟು.

ಶನಿವಾರ: ತುಂಗೆಯ ಜೊತೆ

ಶಿವಮೊಗ್ಗದಿಂದ ತೀರ್ಥಹಳ್ಳಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 169 ಬಹುಪಾಲು ತುಂಗೆಯ ಸನಿಹದಲ್ಲೇ ಇದೆ. ಸುಮಾರು 12 ಕಿ.ಮೀ. ದೂರದಲ್ಲಿ ಗಾಜನೂರು ಅಣೆಕಟ್ಟು, ಅಲ್ಲಿಂದ ಸ್ವಲ್ಪ ಮುಂದೆ ಸಕ್ರೆಬೈಲು ಆನೆ ಬಿಡಾರ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರು ಮತ್ತು ಕಾವಾಡಿಗಳು ಬೆಳಗ್ಗೆ ಕರೆತಂದು ಹಿನ್ನೀರಿನಲ್ಲಿ ಸ್ನಾನ ಮಾಡಿಸುತ್ತಾರೆ. ಪ್ರವಾಸಿಗರಿಗೆ ಪ್ರವೇಶ ಬೆಳಗಿನ ಹೊತ್ತಿಗಷ್ಟೇ ಆದ್ದರಿಂದ ಮೊದಲು ಇಲ್ಲಿಗೆ ಬರುವುದು ಉಚಿತ.

ಇದೇ ಹೆದ್ದಾರಿಯಲ್ಲಿ, ಶಿವಮೊಗ್ಗದಿಂದ ಸುಮಾರು 30 ಕಿ.ಮೀ. ದೂರದಲ್ಲಿ ಮಂಡಗದ್ದೆ ಪಕ್ಷಿಧಾಮವಿದೆ. ನದಿಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಹಕ್ಕಿಗಳ ಕಾಲ. ಬೇಸಿಗೆಯಲ್ಲಿ ಹೋದವರಿಗೆ ಕಾಣಸಿಗುವುದು ಬರಿಯ ಮರಗಳಷ್ಟೆ.

ಹಿಂತಿರುಗಿ ನಗರದ ಹೊರವಲಯದಲ್ಲಿ ತುಂಗೆಯ ಎರಡೂ ದಡಗಳಲ್ಲಿರುವ ಮತ್ತೂರು ಮತ್ತು ಹೊಸಹಳ್ಳಿಗಳಿಗೆ ಹೋಗಬಹುದು. ಸಂಸ್ಕೃತವನ್ನು ಆಡುಮಾತಾಗಿ ಉಳಿಸಿಕೊಂಡ ಊರೆಂದು ಮತ್ತೂರು ಹೆಸರಾಗಿದ್ದರೆ, ಹೊಸಹಳ್ಳಿ ಗಮಕ ಕಲೆಯ ನೆಲೆ. ಇಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಇವು ಜನವಸತಿಯ ಊರುಗಳೇ ಹೊರತು ಪ್ರದರ್ಶನಶಾಲೆಗಳಲ್ಲ. ಮನೆಗಳ ಮುಂದೆ ದೊಡ್ಡ ವಾಹನ ನಿಲ್ಲಿಸಿ ಚಿತ್ರ ತೆಗೆಯುವುದು ಮರ್ಯಾದೆಯಲ್ಲ.

ಸಂಜೆಗೆ ಮುನ್ನ ನಗರದಲ್ಲಿ ತುಂಗಾ ದಡದ ಶಿವಪ್ಪನಾಯಕ ಅರಮನೆಯನ್ನು ನೋಡಬಹುದು. ಬೀಟೆ ಮರದ ಬೃಹತ್ ಕಂಬಗಳ ಈ ಕಟ್ಟಡ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಜಿಲ್ಲೆಯ ವಿವಿಧೆಡೆ ದೊರೆತ ಶಿಲ್ಪ ಮತ್ತು ಶಾಸನಗಳನ್ನು ಇಲ್ಲಿ ಇರಿಸಲಾಗಿದೆ. 17ನೇ ಶತಮಾನದ ಕೆಳದಿ ಅರಸ ಶಿವಪ್ಪನಾಯಕ ಭೂಕಂದಾಯಕ್ಕೆ ತಂದ ‘ಶಿಸ್ತು’ ಪದ್ಧತಿ ಇಂದಿಗೂ ಚರಿತ್ರೆಯ ಪಾಠ. ರಾತ್ರಿ ಅಡುಗೆಗೆ ಬೇಕಾದ ಸೊಪ್ಪು–ತರಕಾರಿ, ದಿನಸಿಯನ್ನು ಗಾಂಧಿ ಬಜಾರಿನಲ್ಲಿ ಕೊಳ್ಳಬಹುದು. ಆದರೆ ಬಜಾರಿನೊಳಕ್ಕೆ ದೊಡ್ಡ ವಾಹನ ತರದಿರುವುದು ಮೇಲು.

ಭಾನುವಾರ: ಸಂಗಮದಿಂದ ಭದ್ರೆಗೆ

ತುಂಗೆ ಮತ್ತು ಭದ್ರೆ ಎರಡೂ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುತ್ತವೆ. ಶೃಂಗೇರಿ, ತೀರ್ಥಹಳ್ಳಿಗಳ ಮೂಲಕ ತುಂಗೆ ಬಂದರೆ, ಕಳಸದ ಹಾದಿಯಲ್ಲಿ ಭದ್ರೆ ಬರುತ್ತಾಳೆ. ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ದೂರದ ಕೂಡ್ಲಿಯಲ್ಲಿ ಇಬ್ಬರೂ ಸೇರಿ ತುಂಗಭದ್ರೆಯಾಗುತ್ತಾರೆ. ಇಲ್ಲಿನ ರಾಮೇಶ್ವರ ದೇವಾಲಯ ಹೊಯ್ಸಳರ ಕಾಲದ್ದು. ಚಿಂತಾಮಣಿ ನರಸಿಂಹ ದೇವಾಲಯ ಮತ್ತು ಮಠಗಳೂ ಇವೆ. ಬೆಳಗಿನ ಹೊತ್ತು ಇಲ್ಲಿಗೆ ಪ್ರಶಸ್ತ.

ಕೂಡ್ಲಿಯಿಂದ ಹೊಳೆಹೊನ್ನೂರು ಮಾರ್ಗವಾಗಿ ಭದ್ರಾವತಿಗೆ ಬರಬಹುದು. ಊರಿನ ಹಳೆಯ ಹೆಸರು ಬೆಂಕಿಪುರ. ಹಳೆ ಪೇಟೆಯ ಲಕ್ಷ್ಮೀನರಸಿಂಹ ದೇವಾಲಯ 13ನೇ ಶತಮಾನದ ಹೊಯ್ಸಳ ರಚನೆ. ಮೂರು ಗರ್ಭಗೃಹಗಳುಳ್ಳ ಈ ತ್ರಿಕೂಟಾಚಲವು ಬೇಲೂರು, ಹಳೇಬೀಡುಗಳ ಜನಜಂಗುಳಿಯಿಲ್ಲದೆ ನೆಮ್ಮದಿಯಿಂದ ನೋಡಲು ಸಿಗುತ್ತದೆ.

ಆದರೆ ಭದ್ರಾವತಿಗೆ ಹೆಸರು ತಂದದ್ದು ಕಬ್ಬಿಣ ಮತ್ತು ಕಾಗದ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1923ರ ಜನವರಿ 18ರಂದು ಮೈಸೂರು ಕಬ್ಬಿಣ ಕಾರ್ಖಾನೆ ಇಲ್ಲಿ ಆರಂಭವಾಯಿತು. ದಿವಾನಗಿರಿಯಿಂದ ನಿವೃತ್ತರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಮುನ್ನಡೆಸಿದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು, ಭದ್ರೆಯ ನೀರು – ಈ ಮೂರೂ ಸೇರಿ ಕಬ್ಬಿಣವಾಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. 1980ರ ದಶಕದಿಂದ ಇಲ್ಲಿ ತಯಾರಾದ ಪತ್ರಿಕಾ ಕಾಗದದ ಮೇಲೆಯೇ ಕನ್ನಡದ ಸುದ್ದಿ ಮನೆಮನೆ ತಲುಪಿತು.

ಕಾಗದ ಕಾರ್ಖಾನೆ ಕಳೆದ ದಶಕದ ಮಧ್ಯಭಾಗದಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನಗೊಂಡಿತ್ತು. ಶತಮಾನೋತ್ಸವದ ತಿಂಗಳಾದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ದೀರ್ಘ ಹೋರಾಟದ ನಡುವೆ ಅದೇ ವರ್ಷ ಕೆಲವು ವಿಭಾಗಗಳಲ್ಲಿ ಮಾತ್ರ ಕೆಲಸ ಮರಳಿ ಶುರುವಾಯಿತು. ಕಾರ್ಖಾನೆಗಳ ಒಳಗೆ ಪ್ರವಾಸಿಗರಿಗೆ ಮುಕ್ತ ಪ್ರವೇಶವಿಲ್ಲ. ಆದರೂ ಕಾರ್ಖಾನೆ ವಸತಿಗಳ ಅಗಲ ಬೀದಿಗಳು, ಸಾಲುಮರಗಳು ಮತ್ತು ಹಳೆಯ ಕ್ವಾರ್ಟರ್ಸ್‌ಗಳನ್ನು ನೋಡಿದರೆ, ಕೆಲಸವಿದ್ದಾಗ ಊರು ಹೇಗಿದ್ದಿರಬಹುದೆಂಬ ಅಂದಾಜು ಸಿಗುತ್ತದೆ. ಜಿಲ್ಲೆಯ ರಸ್ತೆಗಳ ಬದಿಯಲ್ಲಿ ಕಾಣುವ ನೀಲಗಿರಿ, ಅಕೇಶಿಯಾ ನೆಡುತೋಪುಗಳಲ್ಲಿ ಹಲವು ಕಾಗದ ಕಾರ್ಖಾನೆಗಾಗಿಯೇ ಬೆಳೆದವು. ಗುತ್ತಿಗೆ ಅವಧಿ ಮುಗಿದ 2020ರಲ್ಲಿ ಆ ಭೂಮಿಯಲ್ಲಿ ಸಹಜ ಕಾಡು ಮರಳಲಿ ಎಂಬ ಬೇಡಿಕೆ ಮಲೆನಾಡಿನಲ್ಲಿ ಬಲವಾಗಿ ಎದ್ದಿತ್ತು.

ಮಧ್ಯಾಹ್ನದ ಬಳಿಕ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟ ದಾಟಿ ಬಿ.ಆರ್. ಪ್ರಾಜೆಕ್ಟ್ ತಲುಪಬಹುದು. ಜಿಲ್ಲೆಯ ಗಡಿಯಾಚೆ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ನಿಂತಿರುವ ಭದ್ರಾ ಅಣೆಕಟ್ಟೆ 186 ಅಡಿ ಗರಿಷ್ಠ ಮಟ್ಟದ್ದು. ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ನೀರುಣಿಸುವ ಈ ಜಲಾಶಯದ ಮಟ್ಟ ಎಷ್ಟಿದೆ ಎಂಬುದು ದಾವಣಗೆರೆಯ ಭತ್ತದ ರೈತರಿಗೆ ನಿತ್ಯದ ಸುದ್ದಿ. ಬೇಸಿಗೆಯಲ್ಲಿ ನೀರು ಇಳಿದಾಗ ತೇಲುವ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ. ಜಲಾಶಯದ ಸುತ್ತಲಿನದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಸಂಜೆಯೊಳಗೆ ಭದ್ರಾವತಿಗೆ ಹಿಂತಿರುಗಿ ಬಿ.ಎಚ್. ರಸ್ತೆ ಹಿಡಿದರೆ ಸುಮಾರು 20 ಕಿ.ಮೀ. ದೂರಕ್ಕೆ ಶಿವಮೊಗ್ಗ. ಎರಡೂ ಊರುಗಳ ನಡುಬೀದಿಯಾದ ಈ ರಸ್ತೆಯ ಪೂರ್ಣ ಹೆಸರು ಬೆಂಗಳೂರು–ಹೊನ್ನಾವರ ರಸ್ತೆ. ಎರಡು ದಿನಗಳ ಒಟ್ಟು ಓಡಾಟ ಇನ್ನೂರು ಕಿಲೋಮೀಟರ್‌ಗಿಂತ ಹೆಚ್ಚಾಗದು.

ರಾತ್ರಿ ತಂಗುವುದೆಲ್ಲಿ?

ನೀರು, ವಿದ್ಯುತ್ ಹಾಗೂ ಕೊಳಚೆ ವಿಲೇವಾರಿ ಸೌಲಭ್ಯವುಳ್ಳ ಕ್ಯಾರವಾನ್ ತಂಗುದಾಣಗಳು ನಮ್ಮಲ್ಲಿ ಇನ್ನೂ ವಿರಳ. ಹೋಟೆಲ್ ಅಥವಾ ವಸತಿಗೃಹದ ಆವರಣದಲ್ಲಿ ಮಾಲೀಕರ ಒಪ್ಪಿಗೆ ಪಡೆದು, ಶುಲ್ಕ ಕೊಟ್ಟು ನಿಲ್ಲಿಸುವುದು ಉತ್ತಮ. ಶೌಚಾಲಯವಿರುವ ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್‌ಗಳಲ್ಲೂ ಕೇಳಿ ನೋಡಬಹುದು. ಅರಣ್ಯ ಪ್ರದೇಶದಲ್ಲಿ ಅನುಮತಿಯಿಲ್ಲದೆ ತಂಗುವುದು, ಒಲೆ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧ. ನದಿಯ ಮರಳು ದಿಬ್ಬದ ಮೇಲೆ ವಾಹನ ಇಳಿಸುವುದೂ ಅಪಾಯ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರಲು ಹೆಚ್ಚು ಹೊತ್ತು ಬೇಕಿಲ್ಲ.

ಮರೆಯಬಾರದ ಸಂಗತಿಗಳು

- ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಅನುಕೂಲಕರ. ಮಳೆಗಾಲದಲ್ಲಿ ಹೊರಡುವವರು ನದಿ ಮಟ್ಟದ ಸೂಚನೆಗಳನ್ನು ಗಮನಿಸಬೇಕು.
- ಎತ್ತರದ ವಾಹನವಾದರೆ ಹಳ್ಳಿ ರಸ್ತೆಗಳಲ್ಲಿ ತಗ್ಗಿದ ವಿದ್ಯುತ್ ತಂತಿ ಮತ್ತು ಕೊಂಬೆಗಳ ಬಗ್ಗೆ ಎಚ್ಚರವಿರಲಿ.
- ಅಡುಗೆ ಮಾಡುವಾಗ ಕಿಟಕಿ, ಬಾಗಿಲು ತೆರೆದಿರಲಿ. ಮಲಗುವ ಮುನ್ನ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಬೇಕು.
- ಎಂಜಿನ್ ಚಾಲನೆಯಲ್ಲಿಟ್ಟು, ಕಿಟಕಿ ಮುಚ್ಚಿ ಮಲಗಬಾರದು. ವಿಷಾನಿಲ ಪ್ರಾಣಕ್ಕೆ ಎರವಾಗಬಹುದು.
- ಪಾತ್ರೆ ತೊಳೆದ ನೀರು ಮತ್ತು ಶೌಚ ತ್ಯಾಜ್ಯವನ್ನು ಯಾವ ಕಾರಣಕ್ಕೂ ಹೊಳೆಗೆ ಬಿಡಬಾರದು. ಕಸವನ್ನು ಚೀಲದಲ್ಲಿ ಕಟ್ಟಿ ನಗರಕ್ಕೆ ಮರಳಿ ತರಬೇಕು.

ಕೊನೆಯ ಸೂಚನೆ ಔಪಚಾರಿಕವಲ್ಲ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ನಾಣ್ಣುಡಿಗೆ ಕಾರಣವಾದ ಸಿಹಿನೀರಿಗೆ ಇಂದು ಊರುಗಳ ಕೊಳಚೆ ಸೇರುತ್ತಿದೆ. ಈ ಕಳವಳದಿಂದಲೇ 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟಿತ್ತು. ಕೂಡ್ಲಿಯಿಂದ ಕೆಳಗೆ ಹರಿಹರ, ಹೊಸಪೇಟೆಗಳ ಆಚೆಗೂ ಹರಿಯುವ ನೀರು ಈ ಎರಡು ಊರುಗಳನ್ನು ದಾಟಿಯೇ ಹೋಗಬೇಕು. ಪ್ರವಾಸಿಗರು ಆ ನೀರಿಗೆ ಇನ್ನಷ್ಟು ಹೊಲಸು ಸೇರಿಸದೆ ಮರಳಿದರೆ ಕೆಳಗಿನ ಊರುಗಳಿಗೆ ಉಪಕಾರವಾದೀತು.