ಅಪರೂಪಕ್ಕೆ ಬಳಸುವ ಇಂಕ್ ಪೆನ್ನಿನ ಆರೈಕೆ

ತಂದೆಯ ಕಾಲದ ಇಂಕ್ ಪೆನ್ನು ಬರೆಯುತ್ತಿಲ್ಲವೆಂದು ಮೂಲೆಗೆ ಹಾಕುವವರು ಅನೇಕರು. ಅಂಥ ಪೆನ್ನು ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಒಳಗಿನ ಶಾಯಿ ಒಣಗಿರುತ್ತದೆ, ಅಷ್ಟೆ. ಶಾಯಿಯ ನೀರು ಆವಿಯಾದಂತೆ ಬಣ್ಣ ಗಟ್ಟಿಯಾಗಿ, ನಿಬ್ಬಿನ ಸೀಳನ್ನೂ ಅದರಡಿಯ ನಾಲಿಗೆಯ ಸಣ್ಣ ಗೀರುಗಳನ್ನೂ ಮುಚ್ಚಿಬಿಡುತ್ತದೆ.

ಇದಕ್ಕೆ ನಿಬ್ಬಿನ ಸೀಳಿಗೆ ಬ್ಲೇಡು ತೂರಿಸುವುದು ಶಾಲಾದಿನಗಳಿಂದ ಬಂದ ದುರಭ್ಯಾಸ. ಅದರಿಂದ ನಿಬ್ಬಿನ ಎರಡು ಕವಲುಗಳು ಅಗಲಿ, ಪೆನ್ನು ನಿಜವಾಗಿಯೇ ಕೆಡುತ್ತದೆ. ನಿಬ್ಬಿನ ಭಾಗವನ್ನು ತಣ್ಣೀರಿನ ಲೋಟದಲ್ಲಿ ರಾತ್ರಿಯಿಡೀ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆದರೆ ಸಾಮಾನ್ಯವಾಗಿ ಸಾಕು. ಒಮ್ಮೆಗೆ ಬಿಡದಿದ್ದರೆ ನೀರು ಬದಲಿಸಿ ಮತ್ತೆ ನೆನೆಸಬೇಕು. ಕುದಿನೀರು, ಸ್ಪಿರಿಟ್ ಸಲ್ಲವು. ಹಳೆಯ ಎಬೊನೈಟ್ ಬಿಸಿನೀರಿಗೆ ಬಣ್ಣಗೆಡುತ್ತದೆ, ಕೆಲವು ಪ್ಲಾಸ್ಟಿಕ್‌ಗಳು ಸ್ಪಿರಿಟ್ಟಿಗೆ ಬಿರಿಯುತ್ತವೆ.

ಕೆಲವು ವಾರ ಬರೆಯುವ ಸಂದರ್ಭವಿಲ್ಲವೆಂದಾದರೆ ಶಾಯಿ ಚೆಲ್ಲಿ, ತೊಳೆದು, ನಿಬ್ಬನ್ನು ಕೆಳಮುಖವಾಗಿ ಹತ್ತಿಬಟ್ಟೆಯ ಮೇಲಿರಿಸಿ ಒಣಗಿಸಿಯೇ ಎತ್ತಿಡಬೇಕು. ಶಾಯಿ ತುಂಬಿದ ಪೆನ್ನನ್ನು ನಿಬ್ ಮೇಲಾಗಿ ನಿಲ್ಲಿಸುವುದು ಲೇಸು. ಡ್ರಾಪರಿನಿಂದ ತುಂಬುವ ಪೆನ್ನಿನಲ್ಲಿ ಶಾಯಿ ತಳಕ್ಕಿಳಿದಾಗ ಕೈಯ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಹನಿ ಉದುರುವುದುಂಟು. ಅದಕ್ಕೆ ಮೊದಲೇ ಮತ್ತೆ ತುಂಬಬೇಕು. ಚಿತ್ರಕಾರರ ಇಂಡಿಯನ್ ಇಂಕನ್ನಂತೂ ಎಂದಿಗೂ ಹಾಕಬಾರದು. ಅದರಲ್ಲಿ ಅರಗು ಇರುವುದುಂಟು. ಒಣಗಿದರೆ ನೀರಿಗೆ ಕರಗದು.