ಒಂದು ಕಿವಿ ಹೆಡ್‌ಫೋನಿಗೆ, ಇನ್ನೊಂದು ಕುಣಿಯುವವರಿಗೆ

ಗೆಳೆಯನ ಕೋಣೆಯಲ್ಲಿ ಎರಡು ಹಳೆಯ ಟರ್ನ್‌ಟೇಬಲ್‌ಗಳ ಮುಂದೆ ಮೂರು ಭಾನುವಾರ ನಿಂತು ಸೋತಿದ್ದೆ. ಹೇಳುವುದಕ್ಕೆ ಕೆಲಸ ಸುಲಭ: ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ಲಯಕ್ಕೆ ಹೊಂದಿಸಿ ಒಳಗೆ ಬಿಡಬೇಕು, ಕುಣಿಯುವವರ ಕಾಲು ತಡವರಿಸಬಾರದು. ಡಿಜೆಗಳು ಇದನ್ನು ಬೀಟ್‌ಮ್ಯಾಚಿಂಗ್ ಎನ್ನುತ್ತಾರೆ. ನನ್ನ ಕೈಯಲ್ಲಿ ಅದು ಕುಂಟು ಕುದುರೆಯ ಓಟವಾಗುತ್ತಿತ್ತು. ಲೆಕ್ಕ ಹಾಕಿ ನೋಡಿದೆ. ಒಂದು ಹಾಡಿಗೆ ನಿಮಿಷಕ್ಕೆ 120 ಪೆಟ್ಟು, ಇನ್ನೊಂದಕ್ಕೆ 121 ಇದ್ದರೆ, ಒಟ್ಟಿಗೆ ಹೊರಟರೂ 30 ಸೆಕೆಂಡಿನಲ್ಲಿ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬೀಳುತ್ತದೆ. ತಪ್ಪಿದ್ದು ಕಿವಿಗೆ ಅದಕ್ಕೂ ಮೊದಲೇ ಗೊತ್ತಾಗುತ್ತದೆ. ಆದರೆ ಯಾವುದು ಮುಂದೆ, ಯಾವುದು ಹಿಂದೆ? ಅದೇ ನನಗೆ ತಿಳಿಯುತ್ತಿರಲಿಲ್ಲ.

ಕೈಯಲ್ಲಾಗದ್ದನ್ನು ಓದಿ ತಿಳಿಯಲು ಹೊರಡುವುದು ಸಂಶೋಧಕರ ಹಳೆಯ ಚಟ. ಓದು ನನ್ನನ್ನು 1970ರ ಆಸುಪಾಸಿನ ನ್ಯೂಯಾರ್ಕಿಗೆ ಕರೆದೊಯ್ಯಿತು. ಮ್ಯಾನ್‌ಹಟನ್ನಿನ ಪಶ್ಚಿಮ 43ನೇ ಬೀದಿಯಲ್ಲಿ, ಮೊದಲು ಜರ್ಮನ್ ಬ್ಯಾಪ್ಟಿಸ್ಟರ ಚರ್ಚಾಗಿದ್ದ ಕಟ್ಟಡದಲ್ಲಿ, ಸ್ಯಾಂಕ್ಚುಯರಿ ಎಂಬ ಕ್ಲಬ್ಬಿತ್ತು. ಅಲ್ಲಿ ರೆಕಾರ್ಡು ಹಾಕುತ್ತಿದ್ದವನು ಫ್ರಾನ್ಸಿಸ್ ಗ್ರಾಸೊ. ಕೆಳಗೆ ತಟ್ಟೆ ತಿರುಗುತ್ತಿರುವಾಗಲೇ ಮೇಲಿನ ರೆಕಾರ್ಡನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿ, ತಕ್ಕ ಕ್ಷಣಕ್ಕೆ ಬಿಡುವ ರೇಡಿಯೊದವರ ಉಪಾಯವನ್ನು ಆತ ಕುಣಿತದ ಮನೆಗೆ ತಂದ. ಶಿಕಾಗೊ ತಂಡದ ಹಾಡೊಂದರ ಡ್ರಮ್ಮಿನ ಮೇಲೆ ಲೆಡ್ ಜೆಪ್ಪೆಲಿನ್‌ನ ದನಿಯನ್ನು ತೇಲಿಬಿಡುತ್ತಿದ್ದುದು ಅವನ ಹೆಸರುವಾಸಿ ಜೋಡಣೆ.

ಆ ರೆಕಾರ್ಡುಗಳಲ್ಲಿ ಡ್ರಮ್ಮು ಬಾರಿಸಿದವರು ಮನುಷ್ಯರು. ಪಲ್ಲವಿ ಬಂದಾಗ ಹುಮ್ಮಸ್ಸಿಗೆ ತುಸು ಓಡುತ್ತಾರೆ, ಆಮೇಲೆ ಇಳಿಯುತ್ತಾರೆ. ಹಾಗಾಗಿ ಒಮ್ಮೆ ಹೊಂದಿಸಿ ಕೈಬಿಟ್ಟರೆ ಆಗದು. ಮದುವೆ ಮಾಡಿಸಿದವನೇ ಸಂಸಾರವನ್ನೂ ನಡೆಸಿಕೊಡಬೇಕು. ಗೆಳೆಯನ ಬಳಿ ಇರುವುದೂ ಆ ದಶಕದ ಸೋಲ್ ರೆಕಾರ್ಡುಗಳೇ. ನನ್ನ ಸೋಲಿನಲ್ಲಿ ಯಾರೋ ಡ್ರಮ್ಮರನ ಪಾಲೂ ಇತ್ತೆಂದು ತಿಳಿದು ಸಣ್ಣ ಸಮಾಧಾನವಾಯಿತು.

ಈ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರಗಳ ವಂಶಾವಳಿಯಂತೆ ಹೇಳುತ್ತಾರೆ: 1972ರ ಟೆಕ್ನಿಕ್ಸ್ ಎಸ್ಎಲ್-1200, ವೇಗವನ್ನು ಶೇಕಡಾ 8ರಷ್ಟು ಏರಿಳಿಸುವ ಜಾರುಪಟ್ಟಿಯುಳ್ಳ 1979ರ ಅದರ ಎರಡನೆಯ ರೂಪ, 1980ರ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರ. ನನಗೆ ಇಲ್ಲಿ ತಕರಾರಿದೆ. ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ರೆಕಾರ್ಡಿನ ಮೇಲೆ ಕ್ರೇಯಾನಿನಿಂದ ಗುರುತು ಹಾಕಿ, ಗಡಿಯಾರದ ಮುಳ್ಳು ಓದುವಂತೆ ಅದನ್ನು ಓದುತ್ತಿದ್ದ. ಮುಂದಿನ ಹಾಡನ್ನು ತಾನೊಬ್ಬನೇ ಮೊದಲು ಕೇಳಿಕೊಳ್ಳಲು ಸ್ವಿಚ್ಚೊಂದನ್ನು ತಾನೇ ಜೋಡಿಸಿಕೊಂಡ. ಬೇಕೆಂಬುದು ಮೊದಲು ಕಿವಿಗೆ ಹೊಳೆದಿತ್ತು, ಉಪಕರಣ ಆಮೇಲೆ ಬಂತು. ಡ್ರಮ್ ಯಂತ್ರಗಳು ಬಂದಮೇಲೆ ಲಯ ಅಲುಗದೆ ನಿಂತಿತು, ಜೋಡಿಸುವವರ ಕೆಲಸ ಹಗುರಾಯಿತು. ಇಂದು ಸಾಫ್ಟ್‌ವೇರಿನ ಸಿಂಕ್ ಗುಂಡಿ ಒತ್ತಿದರೆ ಆಯಿತು. ಅದನ್ನು ಹೀಗಳೆಯುವವರ ಸಾಲಿನಲ್ಲಿ ನಾನಿಲ್ಲ. ನಾನೂ ಒತ್ತಿದ್ದೇನೆ. ಆದರೆ ಒತ್ತಿದ ದಿನ ಗ್ರಾಸೊ ಏನು ಕೇಳಿಸಿಕೊಳ್ಳುತ್ತಿದ್ದ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

ನಾಲ್ಕನೆಯ ಭಾನುವಾರ ಲೆಕ್ಕ ಬಿಟ್ಟು, ಒಂದು ಕಿವಿಗೆ ಹೆಡ್‌ಫೋನು ಒತ್ತಿ, ರೆಕಾರ್ಡಿನ ಅಂಚನ್ನು ಬೆರಳತುದಿಯಿಂದ ಸವರಿದೆ. ಕುದುರೆ ಕುಂಟುವುದು ನಿಂತಿತು. ಎರಡು ಡ್ರಮ್ಮು ಒಂದೇ ಆಗಿ ಕೇಳಿದವು. ಉಸಿರು ಬಿಗಿಹಿಡಿದು ಎಣಿಸತೊಡಗಿದೆ. ಹದಿನಾರು, ಇಪ್ಪತ್ತು...

ಅಡುಗೆಮನೆಯಿಂದ ಗೆಳೆಯ ಕೂಗಿದ: “ಎಡಗಡೇದು ಓಡ್ತಾ ಇದೆ ಕಣೋ, ಹಿಡಿ!”