ಮೂರು ಗೀರಿನ ಪಿಕಾಸಿ

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಹನ್ನೊಂದು ಹಳೆಯ ಕಬ್ಬಿಣದ ಸಾಮಾನುಗಳು ಒರಗಿ ನಿಂತಿವೆ. ನಾಲ್ಕು ಗುದ್ದಲಿ, ಮೂರು ಪಿಕಾಸಿ, ಎರಡು ಕುಡ, ಒಂದು ಕೊಡಲಿ, ಒಂದು ಕುಡುಗೋಲು. ಬಂದವರು, ‘ಇದೇನ್ರೀ, ಗುಜರಿ ಅಂಗಡಿ ಹಾಕೀರೇನು?’ ಎಂದು ನಗುತ್ತಾರೆ. ಅವರ ಮಾತೂ ಸುಳ್ಳಲ್ಲ. ಕೆಲವನ್ನು ಗುಜರಿಯವನಿಂದಲೇ ಕಿಲೋ ಲೆಕ್ಕದಲ್ಲಿ ತಂದೆ, ಉಳಿದವು ನಮ್ಮ ಅಟ್ಟದ ಮೇಲೆ ಸಿಕ್ಕವು. ಎಲ್ಲವೂ ಹುಟ್ಟಿದ್ದು ಮಾತ್ರ ಒಂದೇ ಕಡೆ, ಶಿರಗುಪ್ಪಿಯ ನಮ್ಮ ಆಯದ ಕಂಬಾರರ ಕುಲುಮೆಯಲ್ಲಿ.

ಆಯವೆಂದರೆ ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ಕಂಬಾರ ವರ್ಷವಿಡೀ ಕುಡ ಹಣಿದು, ಕುಡುಗೋಲಿಗೆ ಹದ ಹಾಕಿ ಕೊಡುತ್ತಿದ್ದ. ರೊಕ್ಕ ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ರಾಶಿಯಾದಾಗ ಕಣಕ್ಕೆ ಬಂದು ತನ್ನ ಪಾಲಿನ ಜೋಳ ಒಯ್ಯುತ್ತಿದ್ದ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಆ ನೆಲದಿಂದ ಕರಿಕೆಯ ಬೇರು ಅಗಿದು ತೆಗೆಯುವಾಗ ಗುದ್ದಲಿ ಪಿಕಾಸಿಗಳ ಮೊನೆ ತಿಂಗಳಿಗೊಮ್ಮೆ ಮೊಂಡಾಗುತ್ತಿತ್ತು. ಕುಲುಮೆಯ ಮುಂದೆ ಹತ್ತು ಮನೆಯ ಸಾಮಾನು ಕಲೆತು ಬೀಳುತ್ತಿದ್ದುದರಿಂದ ಕಂಬಾರ ಪ್ರತಿ ಮನೆಗೂ ಒಂದು ಗುರುತು ಉಳಿಯಿಂದ ಹೊಡೆಯುತ್ತಿದ್ದ. ಒಬ್ಬರದು ಅಡ್ಡಗೀರು, ಇನ್ನೊಬ್ಬರದು ಚುಕ್ಕಿ. ನಮ್ಮದು ಮೂರು ಗೀರು.

ಈ ಮೂರು ಗೀರಿನ ಬೆಲೆ ನನಗೆ ತಿಳಿದದ್ದು ಬಲು ತಡವಾಗಿ, ಅದೂ ಎವರೆಸ್ಟಿನ ದಾರಿಯಿಂದ. 1924ರ ಜೂನ್ 8ರಂದು ಮ್ಯಾಲರಿ ಮತ್ತು ಇರ್ವಿನ್ ಎಂಬಿಬ್ಬರು ಆ ಶಿಖರದ ಹತ್ತಿರ ಕಾಣೆಯಾದರು. 1933ರಲ್ಲಿ ವಿನ್ ಹ್ಯಾರಿಸ್ ಎಂಬಾತನಿಗೆ ಸುಮಾರು 8,460 ಮೀಟರ್ ಎತ್ತರದಲ್ಲಿ ಒಂದು ಹಿಮಗೊಡಲಿ ಸಿಕ್ಕಿತು. ತಲೆಯ ಮೇಲೆ ಸ್ವಿಟ್ಜರ್‌ಲೆಂಡಿನ ಟೇಶ್ ಹಳ್ಳಿಯ ವಿಲಿಶ್ ಎಂಬ ಕಂಬಾರರ ಮುದ್ರೆಯಿತ್ತು. ಮಾಡಿದವರು ಯಾರೆಂದು ತಿಳಿಯಿತು, ಹಿಡಿದವರು ಯಾರೆಂದು ತಿಳಿಯಲಿಲ್ಲ. ಕಾವಿನ ಮೇಲೆ ಮೂರು ಸಣ್ಣ ಗೀರುಗಳಿದ್ದವು. ಎಷ್ಟೋ ವರ್ಷಗಳ ಮೇಲೆ ಇರ್ವಿನ್ನನ ಮನೆಯಲ್ಲಿದ್ದ ಕೈಕೋಲಿನ ಮೇಲೂ ಅಂಥವೇ ಮೂರು ಗೀರು ಕಂಡವು. 2024ರಲ್ಲಿ ಅವನ ಹೆಸರು ಹೊಲಿದ ಕಾಲುಚೀಲ ಹಿಮದಲ್ಲಿ ಸಿಕ್ಕಿದಾಗ ಪತ್ರಿಕೆಗಳಲ್ಲಿ ಈ ಕಥೆ ಮತ್ತೆ ಬಂತು. ಓದಿದವನೇ ಎದ್ದು ಹೋಗಿ ನಮ್ಮ ಪಿಕಾಸಿಗಳನ್ನು ತಿರುಗಿಸಿ ನೋಡಿದೆ. ಅದರಲ್ಲೊಂದಕ್ಕೆ ಮೂರು ಗೀರಿದ್ದವು.

ಕಂಬಾರನ ಮಗ ಈಗ ಹುಬ್ಬಳ್ಳಿಯಲ್ಲಿದ್ದಾನೆ. ವಯಸ್ಸಾಗಿದೆ. ಒಂದು ರವಿವಾರ ಅವನನ್ನು ಕರೆತಂದು ನನ್ನ ಸಂಗ್ರಹ ತೋರಿಸಿದೆ. ಅವನು ಮೊದಲು ನೋಡಿದ್ದು ಕಾವು ಸೇರುವ ಕಣ್ಣನ್ನು. ‘ಇದು ಕಾರ್ಖಾನಿದು, ಕಣ್ಣು ಅಚ್ಚಿನ್ಯಾಗ ಬಂದೈತಿ. ಇದು ನಮ್ಮಪ್ಪಂದು, ಪಟ್ಟಿ ಮಡಿಚಿ ಬೆಸಗಿ ಹಾಕ್ಯಾನ.’ ಹೀಗೆ ಹನ್ನೊಂದರಲ್ಲಿ ಎರಡು ನನ್ನ ಲೆಕ್ಕದಿಂದ ಹೊರಬಿದ್ದವು! ಆಮೇಲೆ ಸಾಣೆಗೆ ಹಿಡಿದ. ಮೆತ್ತನೆಯ ಹಳೆ ಕಬ್ಬಿಣದ ಕಿಡಿ ಉದ್ದಕ್ಕೆ, ಮಂಕಾಗಿ ಹುಲ್ಲಿನ ಎಳೆಯಂತೆ ಹಾರುತ್ತದೆ. ಉಕ್ಕಿನದು ಚುಕ್ಕೆಯಂತೆ ಒಡೆಯುತ್ತದೆ. ಉಕ್ಕು ತುಟ್ಟಿ. ಅದಕ್ಕೇ ಮೈಯೆಲ್ಲ ಕಬ್ಬಿಣ, ಮೊನೆಗಷ್ಟೇ ಬಿಳಿಗಾರ ಹಾಕಿ ಬೆಸೆದ ಉಕ್ಕು.

ಮೂರು ಗೀರಿನ ಪಿಕಾಸಿ ಕೈಗೆ ಬಂದಾಗ ಅವನು ಸುಮ್ಮನಾದ. ಬೆಸುಗೆಯ ಹತ್ತಿರ ಅರ್ಧ ತೂತಿನ ಗುರುತೊಂದಿತ್ತು. ‘ಇದು ಲಾರಿ ಸ್ಪ್ರಿಂಗಿನ ಪಟ್ಟಿ. ಬೋಲ್ಟಿನ ತೂತು ನೋಡ್ರಿ. ಮೊದಲನೇ ಪಟ್ಟಿ ನಾನೇ ಅಪ್ಪನ ಸಂಗಾಟ ಹೋಗಿ ಹುಬ್ಬಳ್ಳಿಯಿಂದ ತಂದದ್ದು. ಬರ ಬಿದ್ದು ಎರಡು ವರ್ಷಕ್ಕ.’

ಬರವೆಂದರೆ 1972ರದು. ಆ ವರ್ಷ ನಮ್ಮ ಕಣದಲ್ಲಿ ರಾಶಿಯೇ ಆಗಲಿಲ್ಲ, ಆಯ ಕೊಡಲಿಲ್ಲ. ಅದು ತಪ್ಪಲ್ಲ. ಮುಂದೆ ಮಳೆ ಬಂತು, ರಾಶಿಯೂ ಆಯಿತು. ಆದರೆ ನಿಂತ ಆಯವನ್ನು ನನ್ನ ಅಪ್ಪ ತಿರುಗಿ ಸುರುಮಾಡಲಿಲ್ಲ. ‘ಪ್ಯಾಟ್ಯಾಗ ಸೋವಿ ಸಿಗ್ತಾವು’ ಎಂದು ಕಾರ್ಖಾನೆಯ ಗುದ್ದಲಿ ತಂದ. ಕಂಬಾರ ನಮ್ಮನ್ನು ಬಿಟ್ಟ ಎಂದೇ ನಾವು ಮನೆಯಲ್ಲಿ ಹೇಳಿಕೊಂಡು ಬಂದಿದ್ದೆವು. ಈ ಅರ್ಧ ತೂತು ಬೇರೆ ಮಾತು ಹೇಳುತ್ತಿತ್ತು. ಆಯ ನಿಂತ ಮೇಲೂ ಆತ ನಮ್ಮ ಪಿಕಾಸಿಗೆ ರೊಕ್ಕ ಕೊಟ್ಟು ತಂದ ಉಕ್ಕಿನ ಮೊನೆ ಹಾಕಿಕೊಟ್ಟಿದ್ದ. ಯಾರು ಒಯ್ದು ಕೊಟ್ಟರೋ, ಅವ್ವನೇ ಕಳಿಸಿದ್ದಳೋ, ಕೇಳಬೇಕೆಂದರೆ ಈಗ ಇಬ್ಬರೂ ಇಲ್ಲ.

‘ಏನಾದರೂ ಕೊಟ್ಟಿದ್ದೆವೇನೋ?’ ಎಂದೆ. ‘ಅದೆಲ್ಲ ಈಗ್ಯಾಕ್ರಿ’ ಎಂದ. ಪಿಕಾಸಿ ಒಯ್ಯೆಂದರೆ, ಇಡಲಿಕ್ಕೆ ತನ್ನ ಮನೆಯಲ್ಲಿ ಗೋಡೆಯೆಲ್ಲಿದೆ ಎಂದು ನಕ್ಕ. ಹೋಗುವಾಗ ಮತ್ತೊಮ್ಮೆ ಎತ್ತಿ ಅಲುಗಾಡಿಸಿ ನೋಡಿ, ‘ಕಾವು ಸಡ್ಲ ಆಗೈತಿ. ಒಂದ್ ರಾತ್ರಿ ನೀರಾಗ ಇಡ್ರಿ, ಉಬ್ಬಿ ಬಿಗಿ ಆಗತೈತಿ’ ಎಂದ.

ಇಟ್ಟೆ, ಬಿಗಿಯಾಯಿತು. ಈ ಸುಗ್ಗಿಯಲ್ಲಿ ಒಂದು ಚೀಲ ಬಿಳಿಜೋಳ ಅವನ ಮನೆಗೆ ಮುಟ್ಟಿಸಿದ್ದೇನೆ. ಬಾಕಿ ತೀರಿತೆಂದು ಹೇಳಲಾರೆ. ಮುಂದಿನ ಸುಗ್ಗಿಗೂ ಕಳಿಸಬೇಕು.